ಸೊನ್ನೆಯ ಇಪ್ಪತ್ತು ಪರ್ಸೆಂಟು

ಸೊನ್ನೆಯ ಇಪ್ಪತ್ತು ಪರ್ಸೆಂಟು ಎಷ್ಟು? ಸ್ಯಾನ್ ಮಟಿಯೋ ಸೇತುವೆಯ ಮೇಲೆ ಕಾರು ಓಡಿಸುತ್ತಾ ಮೈಥಿಲಿ ಇದನ್ನೇ ಯೋಚಿಸುತ್ತಿದ್ದಳು, ಯೋಚಿಸುತ್ತಿರುವುದಕ್ಕೆ ತನ್ನ ಮೇಲೇ ರೇಗಿಕೊಳ್ಳುತ್ತಿದ್ದಳು. ಹಚ್ಚೆ ಹಾಕಿಸಿಕೊಂಡ ಮೇಲೆ ಬಣ್ಣ ಮಾಸಿದರೆ ತಿದ್ದಿಕೊಡುವುದಕ್ಕೆ ದುಡ್ಡಿಲ್ಲ, ಅದಕ್ಕೆ ಟಚಪ್ಪು ಎನ್ನುತ್ತಾರೆ, ಅದು ಮೊದಲು ಕೊಟ್ಟದ್ದರಲ್ಲೇ ಸೇರಿದೆ. ಆದರೆ ಟಿಪ್ಸು ಕೊಡಬೇಕು. ಟಿಪ್ಸು ಎಂದರೆ ಬಿಲ್ಲಿನ ಇಪ್ಪತ್ತು ಪರ್ಸೆಂಟು. ಬಿಲ್ಲು ಸೊನ್ನೆ. ಇಂಟರ್ನೆಟ್ಟಿನಲ್ಲಿ ಒಬ್ಬ ಏನೂ ಕೊಡಬೇಕಿಲ್ಲ ಎಂದು ಬರೆದಿದ್ದ, ಇನ್ನೊಬ್ಬಳು ಕೊಡದವರು ಮನುಷ್ಯರೇ ಅಲ್ಲ ಎಂದಿದ್ದಳು, ಮೂರನೆಯವನು ಒಂದು ಒಳ್ಳೆಯ ಕಾಫಿ ತೆಗೆದುಕೊಂಡು ಹೋಗಿ ಎಂದು ಉಪದೇಶ ಮಾಡಿದ್ದ. ಚಂದ್ರನ ಮೇಲೆ ಹೋಗಿ ಬಂದ ದೇಶಕ್ಕೆ ಹಚ್ಚೆಯವಳ ಕೈಗೆ ಎಷ್ಟು ಹಾಕಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಪ್ಲೆಸೆಂಟನ್ನಿನ ಆಫೀಸಿನಲ್ಲಿ ಅವಳ ಟೀಮಿನ ಹುಡುಗನೊಬ್ಬನಿಗೆ ಎರಡೂ ತೋಳಿನ ತುಂಬ ಡ್ರ್ಯಾಗನ್ನು, ಬಳ್ಳಿ, ಸತ್ತುಹೋದ ನಾಯಿಯ ಮುಖ. ನಾದಿನಿಯ ಮಗಳಿಗೆ ಬೇಕಾಗಿದೆ ಎಂದು ಸುಳ್ಳು ಹೇಳಿ ಅವನನ್ನು ಕೇಳಿದ್ದಳು. ಮೀಟಿಂಗಿನಲ್ಲಿ ಎಂದೂ ತೋರಿಸದ ಗಾಂಭೀರ್ಯದಿಂದ ಅವನು, ಕ್ಯಾಶೇ ಕೊಡಬೇಕು, ಕೈಗೇ ಕೊಡಬೇಕು, ಅವರೆದುರು ಎಣಿಸಬಾರದು ಎಂದು ತಿಳಿಸಿದ. ಅಪ್ಪನ ತಿಥಿಗೆ ಬರುತ್ತಿದ್ದ ಪುರೋಹಿತರಿಗೂ ಇಷ್ಟು ನೇಮ ಇರಲಿಲ್ಲ. ಬೆಳಿಗ್ಗೆ ಡ್ರಾಯರಿನಲ್ಲಿ ಕವರು ಹುಡುಕಿದರೆ ಸಿಕ್ಕಿದ್ದೆಲ್ಲ ಮುಯ್ಯಿಯ ಕವರುಗಳು, ಮೇಲೆ ಗಣಪತಿ, ಕೆಳಗೆ ಕೆಂಪು ಅಕ್ಷರದಲ್ಲಿ ಶುಭಾಶಯಗಳು. ನೋಟು ತುಂಬಿ ಅಂಟಿಸಿಯೂ ಆದ ಮೇಲೆ ಗಾಬರಿಯಾಯಿತು. ಹಚ್ಚೆ ಅಂಗಡಿಯಲ್ಲಿ ತಾನು ಡೆಲ್ಲಿಯವಳೆಂದು ಹೇಳಿಕೊಂಡಾಗಿದೆ, ಡೆಲ್ಲಿಯ ಹೆಂಗಸು ಕನ್ನಡದ ಕವರನ್ನು ಎಲ್ಲಿಂದ ತಂದಾಳು? ಹರಿದು, ಬ್ಯಾಂಕಿನ ಬಿಳಿ ಕವರಿಗೆ ಬದಲಾಯಿಸಿದ್ದಳು.

ಸೇತುವೆ ದಾಟುತ್ತಿದ್ದಂತೆ ಕನ್ನಡಿ ನೋಡಿ ಹಣೆಯ ಬೊಟ್ಟನ್ನು ತೆಗೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದಳು, ಕರಿಮಣಿ ಸರವನ್ನು ಸ್ವೆಟರಿನ ಕತ್ತಿನೊಳಗೆ ತಳ್ಳಿದಳು. ಬಲಗೈ ಮಣಿಕಟ್ಟನ್ನು ನೋಡಲಿಲ್ಲ. ನೋಡದಿದ್ದರೂ ಅದು ಅಲ್ಲಿತ್ತು. ಮೊದಲು ಅಕ್ಕಿಕಾಳಿನಷ್ಟಿದ್ದ ಬಿಳಿ ಚುಕ್ಕೆ ಒಂದು ವರ್ಷದಲ್ಲಿ ಹುಣಸೆಬೀಜದಷ್ಟಾದಾಗ ಡಾಕ್ಟರು ಅದಕ್ಕೆ ಉದ್ದದೊಂದು ಹೆಸರು ಹೇಳಿ, ಹಾನಿಯೇನಿಲ್ಲ, ಅಂಟುವುದಿಲ್ಲ, ಚಿಂತೆ ಬೇಡ ಎಂದು ನಕ್ಕಿದ್ದ. ಆ ಬಿಳಿಯನಿಗೆ ಏನು ಗೊತ್ತು? ಅದರ ಹೆಸರು ತೊನ್ನು. ಆ ಮಾತನ್ನು ಮೈಸೂರಿನ ಮನೆಯಲ್ಲಿ ಜೋರಾಗಿ ಆಡುತ್ತಿರಲಿಲ್ಲ. ಅದಿದ್ದ ಅವಳ ಚಿಕ್ಕತ್ತೆ ಬಂದರೆ ಕಾಫಿಗೆ ಬೇರೆ ಲೋಟ, ಅದನ್ನು ಹಿತ್ತಲಲ್ಲಿ ಎರಡು ಸಲ ತೊಳೆಯುತ್ತಿದ್ದದ್ದು ಮೈಥಿಲಿಯೇ, ಯಾರೂ ಹೇಳದಿದ್ದರೂ ಎರಡು ಸಲ. ಚಿಕ್ಕತ್ತೆಯ ಮಗಳಿಗೆ ಗಂಡು ಸಿಗುವಷ್ಟರಲ್ಲಿ ಅವಳ ಕೂದಲು ನೆರೆತಿತ್ತು. ಈಗ ಮೈಥಿಲಿಯ ಮಗಳು ವಿಭಾಗೆ ಕುಶಲ್ ಸಿಕ್ಕಿದ್ದಾನೆ, ತಾನೇ ಹುಡುಕಿಕೊಂಡದ್ದು, ಆದರೂ ಭಾನುವಾರ ಅವನ ಅಪ್ಪ ಅಮ್ಮ ತಾಂಬೂಲ ಬದಲಾಯಿಸಲು ಕುಪರ್ಟಿನೋದಿಂದ ಬರುತ್ತಾರೆ. ಆ ಮಾಧುರಿ, ಕುಶಲ್‌ನ ಅಮ್ಮ, ಬೆಂಗಳೂರಿನವಳು, ಎದುರಿಗೆ ಕೂತವರ ಕಿವಿಯ ಓಲೆಯ ಹರಳು ಎಣಿಸುವ ಜಾತಿ. ತಟ್ಟೆ ಕೊಡುವುದು ಈ ಕೈ. ಅವಳ ಮಡಿಲು ತುಂಬುವುದು ಈ ಕೈ. ಹುಡುಗಿಯ ಕಡೆ ಇದೆಯಂತೆ ಎಂಬ ಒಂದು ಮಾತು ಸಾಕು, ನಗುನಗುತ್ತಲೇ ಮದುವೆಯನ್ನು ಮುಂದೂಡುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ವಿಭಾಗೆ ಇದನ್ನೆಲ್ಲ ಹೇಳಿದರೆ, ಅಮ್ಮಾ ಇಟ್ಸ್ ಜಸ್ಟ್ ಸ್ಕಿನ್ ಎಂದು ಇಂಗ್ಲಿಷಿನಲ್ಲಿ ಉಗುಳುತ್ತಾಳೆ. ಗಂಡ ವಾಸುದೇವ ಇನ್ನೂ ಬುದ್ಧಿವಂತ. ಅಗಲವಾದ ಬಳೆ ಹಾಕ್ಕೋ, ಕಾಣಲ್ಲ ಎಂದು ಹೇಳಿ ಲ್ಯಾಪ್‌ಟಾಪಿಗೆ ತಿರುಗಿದ್ದ. ಇಪ್ಪತ್ತೇಳು ವರ್ಷದ ಸಂಸಾರಕ್ಕೆ ಅವನು ಕೊಟ್ಟ ಪರಿಹಾರಗಳೆಲ್ಲ ಬಳೆಯ ಅಗಲದವೇ.

ಮೈಯ ಬಣ್ಣದ್ದೇ ಮಸಿ ತುಂಬಿ ಬಿಳಿ ಕಲೆ ಮುಚ್ಚುವವರಿದ್ದಾರೆ ಎಂದು ಗೊತ್ತಾದಾಗ ಅವಳು ಹುಡುಕಿದ್ದು ಒಂದೇ ಗುಣ: ದೂರ. ಲಿವರ್‌ಮೋರ್ ಆಗದು, ದೇವಸ್ಥಾನಕ್ಕೆ ಬಂದವರೆಲ್ಲ ಆ ರಸ್ತೆಯಲ್ಲೇ ಓಡಾಡುತ್ತಾರೆ. ಫ್ರೀಮಾಂಟ್ ಬೇಡವೇ ಬೇಡ, ಅಲ್ಲಿ ಬೀದಿ ತುಂಬ ನಮ್ಮವರೇ. ಸ್ಯಾನ್ ಮಟಿಯೋದಲ್ಲಿ ನಿಸ್ಸಾ ಎಂಬ ಹೆಸರಿತ್ತು, ಯಾವುದೋ ಇಟಲಿಯವಳು ಅಂದುಕೊಂಡು ಮಾಯಾ ಎಂಬ ಹೆಸರಿನಲ್ಲಿ ಬುಕ್ ಮಾಡಿದಳು. ಹೋದರೆ ಮೂಗುಬೊಟ್ಟಿನ, ಅರ್ಧ ತಲೆ ಬೋಳಿಸಿಕೊಂಡ, ಕಂದು ಬಣ್ಣದ ಹುಡುಗಿ. ನೀವು ಎಲ್ಲಿಯವರು ಎಂದು ಇಂಗ್ಲಿಷಿನಲ್ಲಿ ಕೇಳಿತು. ಡೆಲ್ಲಿ ಎಂದಳು ಮೈಥಿಲಿ. ಹಿಂದಿಯಲ್ಲಿ ಏನಾದರೂ ಕೇಳಿಬಿಟ್ಟರೆ ಎಂದು ಹೆದರಿ ಕೂತಿದ್ದಾಗ ಹುಡುಗಿಯ ಫೋನು ಹೊಡೆದುಕೊಂಡಿತು, ಆ ಬೋಳು ತಲೆಯಿಂದ ಅಪ್ಪಟ ಮಂಡ್ಯದ ಕನ್ನಡ ಹೊರಟಿತು: "ಬತ್ತೀನಿ ಕನಜ್ಜಿ, ಉಂಡ್ಕಂಡು ಮನೀಕೋ ನೀನು." ಗೋಡೆಯ ಮೇಲಿನ ಲೈಸೆನ್ಸು ಆಗ ಕಣ್ಣಿಗೆ ಬಿತ್ತು. ನಿಸರ್ಗಾ ಪುಟ್ಟಸ್ವಾಮಿ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಮೈಕು ಹಿಡಿದು, ಇನ್ನೊಂದು ಮುದ್ದೆ, ಇನ್ನೊಂದು ಮುದ್ದೆ ಎಂದು ಬೆವರುವ ಪುಟ್ಟಸ್ವಾಮಿ! ಮಗಳು ಏನು ಮಾಡ್ತಾಳೆ ಎಂದರೆ ಆರ್ಟ್ ಫೀಲ್ಡಲ್ಲಿದ್ದಾಳೆ ಎನ್ನುತ್ತಿದ್ದವನು. ಸೂಜಿ ಅಷ್ಟು ಹೊತ್ತಿಗೆ ಚರ್ಮದೊಳಗಿತ್ತು. ಎದ್ದು ಓಡಲಾಗದೆ, ಕನ್ನಡ ಬಾರದವಳ ಮುಖ ಹೊತ್ತು ಅವಳು ಕೂತಿದ್ದಳು. ಬಿಲ್ಲು ಕೊಟ್ಟು, ಮಿಷಿನ್ನು ಟಿಪ್ಸು ಕೇಳಿದಾಗ ಬೇಡ ಎಂದು ಒತ್ತಿ ಹೊರಬಿದ್ದಿದ್ದಳು. ಇಷ್ಟು ದುಬಾರಿ ಕೆಲಸಕ್ಕೆ ಮೇಲೆ ಚಿಲ್ಲರೆ ಹಾಕುವುದು ಅವಮಾನವೆಂದು ತಿಳಿದಿದ್ದಳು, ಅಥವಾ ಹಾಗೆ ತಿಳಿದುಕೊಂಡರೆ ಅನುಕೂಲವಿತ್ತು.

ಇವತ್ತು ಬಾಗಿಲು ತೆಗೆದರೆ ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ. ಕಾಟನ್ ಸೀರೆಯ ಮೇಲೆ ಮೊಮ್ಮಗಳ ಕಪ್ಪು ಜಾಕೆಟ್ಟು, ಮಡಿಲಲ್ಲಿ ಎಲೆಯಡಿಕೆ ಚೀಲ, ಮೊಣಕೈವರೆಗೆ ಹಸಿರು ಹಚ್ಚೆಯ ಚುಕ್ಕಿಗಳು. ನಿಸರ್ಗಾ ಕ್ಷಮೆ ಕೇಳಿದಳು, ಇಂಗ್ಲಿಷಿನಲ್ಲಿ: ಇವರು ನನ್ನ ಅಜ್ಜಿ ಬೋರಮ್ಮ, ಇವರು ಹೋಗುವ ವೃದ್ಧರ ಡೇಕೇರಿಗೆ ಇವತ್ತು ರಜೆ, ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದಾರೆ, ನಿಮಗೆ ತೊಂದರೆಯಿಲ್ಲ ತಾನೆ, ಅಜ್ಜಿಗೆ ಇಂಗ್ಲಿಷು ಬರುವುದಿಲ್ಲ. ತೊಂದರೆಯಿಲ್ಲ ಎಂದು ಮೈಥಿಲಿ ಡೆಲ್ಲಿಯ ನಗೆ ನಕ್ಕಳು. ಹಚ್ಚೆ ಅಂಗಡಿಯಲ್ಲಿ ಹಚ್ಚೆಯ ಮುದುಕಿ, ತಲೆಮಾರಿನ ಕಸುಬು ಎಂದು ಮನಸ್ಸಿನಲ್ಲೇ ಕೊಂಕು ಆಡಿಕೊಂಡು ಮಲಗುಕುರ್ಚಿಯಲ್ಲಿ ಒರಗಿದಳು. ನಿಸರ್ಗಾ ನೀಲಿ ಗ್ಲೌಸು ಹಾಕಿಕೊಂಡು ದೀಪವನ್ನು ಮಣಿಕಟ್ಟಿನ ಮೇಲಕ್ಕೆ ಎಳೆದಳು. ಬಣ್ಣ ಸ್ವಲ್ಪ ಮಾಸಿದೆ ಅಷ್ಟೆ, ಎಂದು ಮೈಥಿಲಿ ತಾನೇ ಮೊದಲು ಹೇಳಿದಳು. ಹುಡುಗಿ ಬಗ್ಗಿ ನೋಡಿದಳು. ನೋಡಿದ್ದು ಉದ್ದವಾಯಿತು. ಆಮೇಲೆ ಲುಕ್ಸ್ ಗ್ರೇಟ್, ಅಂಚು ಮಾತ್ರ ಚೂರು ತಿದ್ದಿದರೆ ಸಾಕು, ಟಚಪ್ಪು, ದುಡ್ಡೇನಿಲ್ಲ ಎಂದಳು. ಮೈಥಿಲಿಯ ಎದೆ ಹಗುರಾಯಿತು. ದುಡ್ಡಿಲ್ಲ ಎಂದರೆ ಟಚಪ್ಪು. ಟಚಪ್ಪು ಎಂದರೆ ಮಾಸಿದ್ದು ಬಣ್ಣ, ಕಲೆ ಇದ್ದಲ್ಲೇ ಇದೆ. ಕಳೆದ ಎರಡು ವಾರ ಸ್ನಾನದ ಮನೆಯ ದೀಪದ ಕೆಳಗೆ ಕೈ ತಿರುಗಿಸಿ ತಿರುಗಿಸಿ ತನಗೆ ತಾನೇ ಹೇಳಿಕೊಂಡದ್ದನ್ನು ಈಗ ಇನ್ನೊಬ್ಬಳು ಬಾಯಿಬಿಟ್ಟು ಹೇಳಿದ್ದಳು. ಆ ಕ್ಷಣ ಆ ಬೋಳು ತಲೆಯ ಮೇಲೂ ಅವಳಿಗೆ ಪ್ರೀತಿ ಹುಟ್ಟಿತು.

ಸೂಜಿ ಗುಯ್ಗುಟ್ಟತೊಡಗಿದ ಮೇಲೆ ನಿಸರ್ಗಾ ತಲೆಯೆತ್ತದೆ, ಹವಾ ಹೇಗಿದೆ ಎಂದು ಕೇಳುವಷ್ಟು ಸಲೀಸಾಗಿ ಕನ್ನಡಕ್ಕೆ ತಿರುಗಿದಳು.

"ಅಜ್ಜೀ, ಇವ್ರುದ್ದು ಹರಡ್ತಾ ಐತೆ. ಹೋದ್ಸಲಿ ಈ ಕಡೆ ಇರ್ಲೇ ಇಲ್ಲ."

"ಯಾನ ಹರಡ್ತಾ ಐತೆ? ಸುಟ್ಟ ಗಾಯ ಅಂದಲ್ಲ ನೀನು?"

"ಗಾಯ ಅಲ್ಲ. ಬಿಳೀದು."

"ತೊನ್ನಾ!" ಮುದುಕಿಯ ಕುರ್ಚಿ ನೆಲವನ್ನು ಕೆರೆದು ಒಂದು ಗೇಣು ಹಿಂದಕ್ಕೆ ಹೋಯಿತು. "ಮುಟ್ಬ್ಯಾಡ ಕನ ಮಗಾ. ಕೈಗೆ ಚೀಲ ಸರ್ಯಾಗಿ ಹಾಕ್ಕಂಡಿದ್ದೀಯ?"

"ಅಂಟಲ್ಲ ಅಜ್ಜಿ ಅದು, ಸುಮ್ನಿರು."

ಮೈಥಿಲಿ ಚಾವಣಿ ನೋಡುತ್ತಿದ್ದಳು. ಚಾವಣಿಯಲ್ಲಿ ಯಾರೋ ಮೀನಿನ ಚಿತ್ರ ಬರೆದಿದ್ದರು. ಮುಖದ ಯಾವ ನರವೂ ಅಲುಗಬಾರದು. ಸೂಜಿಗಿಂತ ಕಷ್ಟ ಅದಾಗಿತ್ತು. ಎದ್ದು, ಯಾರಿಗೇ ತೊನ್ನು ಅನ್ನೋದು, ಎಲೆ ಅಗಿಯೋ ಬಾಯಿ ಮೊದಲು ತೊಳ್ಕೋ ಎಂದು ಆ ಮುದುಕಿಗೆ ಝಾಡಿಸಬೇಕೆನ್ನಿಸಿತು. ಮಾಯಾಳಿಗೆ ಝಾಡಿಸಲು ಭಾಷೆಯಿಲ್ಲ. ಹರಡ್ತಾ ಐತೆ. ಒಂದು ಗೇಣು ಹಿಂದೆ ಸರಿದ ಆ ಕುರ್ಚಿ. ಹಿತ್ತಲಿನಲ್ಲಿ ಲೋಟ ತೊಳೆಯುವಾಗ ಅಡುಗೆಮನೆಯ ಕಿಟಕಿಯಿಂದ ಚಿಕ್ಕತ್ತೆ ನೋಡುತ್ತಿದ್ದಳೇ? ನೋಡಿರಬೇಕು. ಹೋಗುವಾಗ ಅವಳು ಮೈಥಿಲಿಯ ತಲೆ ಸವರಲು ಕೈಯೆತ್ತಿ ಹಾಗೇ ಇಳಿಸಿಕೊಂಡದ್ದು ಇಷ್ಟು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಈಗ ಈ ಮಂಡ್ಯದ ಮುದುಕಿಯ ದೆಸೆಯಿಂದ ನೆನಪಾಗಬೇಕೆ, ಎಂದು ಅದಕ್ಕೂ ಅವಳಿಗೆ ಸಿಟ್ಟೇ ಬಂತು.

"ನೋವಾಗುತ್ತಿದೆಯಾ ಮಾಯಾ?" ಎಂದು ನಿಸರ್ಗಾ ಇಂಗ್ಲಿಷಿನಲ್ಲಿ, ಜೇನಿನಂಥ ದನಿಯಲ್ಲಿ ವಿಚಾರಿಸಿದಳು. ಇಲ್ಲ, ಪರವಾಗಿಲ್ಲ ಎಂದಳು ಮೈಥಿಲಿ.

"ಹರಡೈತೆ ಅಂತ ಆವಮ್ಮಂಗೆ ಹೇಳ್ಬುಡು," ಎಂದಳು ಬೋರಮ್ಮ, ಈಗ ಎಲೆಗೆ ಸುಣ್ಣ ಹಚ್ಚುತ್ತಾ.

"ಹೇಳುದ್ರೆ ನಿನ್ನಿಂದ್ಲೇ ಆಯ್ತು ಅಂತ ರಿವ್ಯೂ ಹಾಕ್ತಾರೆ ಅಜ್ಜಿ. ಆಮೇಲೆ ಅದು ಟಚಪ್ಪಲ್ಲ, ಹೊಸಾ ಕೆಲ್ಸ. ಫ್ರೀಯಾಗಿ ಯಾಕ್ ಮಾಡ್ಲಿ ನಾನು? ಹಳೇದ್ನಷ್ಟೇ ತಿದ್ದಿ ಕಳುಸ್ತೀನಿ. ಅವ್ರಿಗೇ ಕಂಡ್ಮೇಲೆ ಬತ್ತಾರಲ್ಲ, ಆಗ ದುಡ್ಡು ತಗಂಡು ಮಾಡುದ್ರಾಯ್ತು. ಹೋದ್ಸಲಿ ಒಂದ್ ಡಾಲರ್ ಟಿಪ್ಸ್ ಕೊಡ್ಲಿಲ್ಲ ಗೊತ್ತಾ? ಬ್ಯಾಗ್ ನೋಡು, ನನ್ ಎರಡು ತಿಂಗಳ ಬಾಡಿಗೆ ಐತೆ ಅದು."

"ಎಲ್ಲಿಯೋಳಂತೆ?"

"ಡೆಲ್ಲಿ."

"ಡೆಲ್ಲಿಯೋಳು!" ಮುದುಕಿ ಬಗ್ಗಿ ನೋಡಿದಳು. "ಮೊಕ ನೋಡುದ್ರೆ ಮೈಸೂರ್ ಅಗ್ರಾರದೋಳಂಗವ್ಳೆ. ಮೂಗು ನೋಡು, ಯಂಗೆ ಮ್ಯಾಕೆತ್ತಿಕೊಂಡವ್ಳೆ. ಮನೇಲಿ ಮದ್ವೆ ಇರ್ಬೇಕು, ಅದ್ಕೇ ಮುಚ್ಚಿಕಣಕ್ಕೆ ಬಂದವ್ಳೆ. ನಮ್ ಕಾಲ್ದಾಗೆ ಹಚ್ಚೆ ಹುಯ್ಯೋಳು ಹಟ್ಟಿಗೆ ಬಂದ್ರೆ ಮೊರದ್ ತುಂಬ ರಾಗಿ, ಒಂದು ಹಳೇ ಸೀರೆ, ಎಲೆ ಅಡಿಕೆ ಮಡಗಿ ಕಳುಸ್ತಿದ್ವಿ. ಬರಿಗೈಲಿ ಕಳುಸುದ್ರೆ ಬಣ್ಣ ನಿಲ್ಲಾಕಿಲ್ಲ. ಇವ್ಳುದ್ದು ಅದ್ಕೇ ನಿಂತಿಲ್ಲ."

ನಿಸರ್ಗಾ ನಕ್ಕಳು. ನಗುವಾಗಲೂ ಅವಳ ಕೈ ಅಲುಗಲಿಲ್ಲ. ಮೈಥಿಲಿ ಈ ಇಬ್ಬರನ್ನೂ ಸಮನಾಗಿ ದ್ವೇಷಿಸಿದಳು. ಒಂದು ಅಸಹ್ಯ ಮುದುಕಿ, ಒಂದು ಸುಳ್ಳುಬುರುಕ ಹುಡುಗಿ. ಗಿರಾಕಿಯ ಮೈ ಹಾಳಾಗುತ್ತಿರುವುದನ್ನು ಕಣ್ಣಾರೆ ಕಂಡು, ಬಾಯಲ್ಲಿ ಲುಕ್ಸ್ ಗ್ರೇಟ್ ಎನ್ನುವವಳು. ಹೋಗಿ ನಿಜವಾಗಿಯೂ ರಿವ್ಯೂ ಹಾಕಿಬಿಡಬೇಕು. ಏನೆಂದು ಹಾಕುವುದು? ಯಾವ ಹೆಸರಿನಲ್ಲಿ? ಅದಕ್ಕಿಂತ ಅಸಹ್ಯವೆಂದರೆ ಆ ಹುಡುಗಿಯ ಕನ್ನಡ. ವಿಭಾಗೆ ಬೇಸಿಗೆ ಶಿಬಿರ, ಭಾನುವಾರದ ಕನ್ನಡ ಶಾಲೆ, ಭಗವದ್ಗೀತೆ ಸ್ಪರ್ಧೆ ಎಲ್ಲ ಮಾಡಿಸಿಯೂ ಅವಳ ಬಾಯಿಂದ ಒಂದು ಇಡೀ ವಾಕ್ಯ ಹೊರಡುವುದಿಲ್ಲ. ತಾಯಿ ಹೇಳಿದ್ದಕ್ಕೆಲ್ಲ ಓಕೆ ಅಮ್ಮಾ, ವಾಟೆವರ್ ಅಮ್ಮಾ. ಈ ಬೋಳುತಲೆಯದು ಅಜ್ಜಿಯ ಜೊತೆ ಕೂತು ಹಟ್ಟಿಯ ಮಾತನ್ನು ಸುಲಿದ ಬಾಳೆಹಣ್ಣಿನ ಹಾಗೆ ಆಡುತ್ತಿದೆ, ಆಡುತ್ತಿರುವುದು ತನ್ನ ತೊನ್ನಿನ ವಿಷಯ. ಅಷ್ಟು ಹೊತ್ತೂ ಮೈಥಿಲಿಯ ಕಿವಿ ಮಾತ್ರ, ಆ ಕೇಳಬಾರದ್ದನ್ನು ಇನ್ನೂ ಸ್ವಲ್ಪ ಹೇಳಲಿ ಎಂದು ಕಾಯುತ್ತಿತ್ತು. ಎಷ್ಟು ಹರಡಿದೆ? ಯಾವ ಕಡೆಗೆ? ಭಾನುವಾರ ಕಾಣುತ್ತದೆಯೇ? ಅದನ್ನು ಮುದುಕಿ ಕೇಳಲಿಲ್ಲ. ಎಲೆ ಬಾಯಿಗಿಟ್ಟು ಅಗಿಯತೊಡಗಿದಳು.

ಕೆಲಸ ಮುಗಿಯಿತು. ನಿಸರ್ಗಾ ಮಣಿಕಟ್ಟನ್ನು ಒರೆಸಿ, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ನೀರು ಸೋಕಿಸಬೇಡಿ, ಬಿಸಿಲು ಬೇಡ ಎಂದು ಗಿಳಿಪಾಠ ಒಪ್ಪಿಸಿದಳು. ಮೈಥಿಲಿ ಬ್ಯಾಗಿನಿಂದ ಬಿಳಿ ಕವರು ತೆಗೆದು ಅವಳ ಕೈಗೆ ಕೊಟ್ಟಳು. ಕ್ಯಾಶು, ಕೈಗೆ, ಎಣಿಸದೆ. ಧಾರಾಳವಾಗಿಯೇ ಹಾಕಿದ್ದಳು, ಬಾಯಿ ಮುಚ್ಚಿಸುವಷ್ಟು, ಇನ್ನು ಮುಂದೆ ಇವರ ಹಂಗಿಲ್ಲ ಎನ್ನುವಷ್ಟು. ಅಯ್ಯೋ ಇದೆಲ್ಲ ಬೇಡವಾಗಿತ್ತು ಎಂದು ಹುಡುಗಿ ಇಂಗ್ಲಿಷಿನಲ್ಲಿ ನಾಚಿಕೊಂಡು ಕವರನ್ನು ಕೌಂಟರಿನ ಮೇಲಿಟ್ಟಳು.

"ಯಾನಾರ ಕೊಟ್ಳಾ?" ಎಂದಳು ಬೋರಮ್ಮ.

"ಕವರ್ ಕೊಟ್ರು ಅಜ್ಜಿ. ದಪ್ಪಗೈತೆ."

"ಹಂಗಾರೆ ತಡಿ. ಮುತ್ತೈದೇನ ಹಂಗೇ ಕಳುಸ್ಬಾರ್ದು. ಯಾವ್ ದೇಸದೋಳಾದ್ರೂ ಆಗ್ಲಿ." ಮುದುಕಿ ಎಲೆಚೀಲದ ತಳದಿಂದ ಒಂದು ಪುಟ್ಟ ಕುಂಕುಮದ ಭರಣಿ ಹುಡುಕಿ ತೆಗೆದು, ಮುಚ್ಚಳ ಬಿಚ್ಚಿ, ಕುರ್ಚಿಯಿಂದ ಏಳದೆ, ತೋಳನ್ನು ಆದಷ್ಟು ಉದ್ದ ಮಾಡಿ ಮುಂದೆ ಹಿಡಿದಳು. ಮುಟ್ಟದೆ ಕೊಡುವುದಕ್ಕೆ ಎಷ್ಟು ಬೇಕೋ ಅಷ್ಟು ಉದ್ದ. ನನ್ನ ಅಜ್ಜಿಗೆ ಇದೊಂದು ಪದ್ಧತಿ, ನಿಮಗೆ ಇಷ್ಟವಿಲ್ಲದಿದ್ದರೆ ಬೇಡ ಎಂದು ನಿಸರ್ಗಾ ಇಂಗ್ಲಿಷಿನಲ್ಲಿ ಶುರುಮಾಡಿದ್ದಳು. ಮೈಥಿಲಿಯ ತಲೆ ಆಗಲೇ ಬಾಗಿತ್ತು. ಎಡಗೈ ಸ್ವೆಟರಿನ ಕತ್ತಿನೊಳಗೆ ಹೋಗಿ ಕರಿಮಣಿಯನ್ನೂ ತಾಳಿಯನ್ನೂ ಹೊರಗೆಳೆದಿತ್ತು, ಬಲಗೈಯ ಉಂಗುರದ ಬೆರಳು ಭರಣಿಗೆ ಅದ್ದಿ ಮೊದಲು ತಾಳಿಗೆ, ಆಮೇಲೆ ಹಣೆಗೆ ಇಟ್ಟು, ಎರಡೂ ಕಣ್ಣಿಗೆ ಒತ್ತಿಕೊಂಡಿತ್ತು. ಅಮ್ಮ ಹೇಳಿಕೊಟ್ಟ ದಿನದಿಂದ ಒಂದು ಸಲವೂ ಯೋಚಿಸಿ ಮಾಡಿದ್ದಲ್ಲ ಅದು. ಕಣ್ಣು ಬಿಟ್ಟಾಗ ಇಬ್ಬರೂ ಅವಳನ್ನೇ ನೋಡುತ್ತಿದ್ದರು.

"ಅಲ್ನೋಡು," ಎಂದಳು ಬೋರಮ್ಮ. "ನಾನು ಆಗ್ಲೇ ಹೇಳ್ಲಿಲ್ವಾ."

ನಿಸರ್ಗಾ ತಾನು ಆಡಿದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುತ್ತಿರುವುದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. "ಓ ಮೈ ಗಾಡ್, ಆಂಟಿ," ಎಂದಳು. ಮಾಯಾ ಹೋಗಿ ಆಂಟಿ ಆಗಿದ್ದಳು. ಅದೇ ಬೇಡವಾಗಿದ್ದದ್ದು. ಆಂಟಿ ಎಂದ ಮೇಲೆ ಯಾರ ಮನೆ, ಯಾವ ಊರು, ಕೂಟದಲ್ಲಿ ಅಪ್ಪನಿಗೆ ಗೊತ್ತಲ್ಲ, ಎಲ್ಲ ಬಂದೇ ಬರುತ್ತದೆ. ಮುದುಕಿ ಅಷ್ಟರಲ್ಲಿ ಎದ್ದು, ಕೌಂಟರಿನ ಮೇಲಿನ ಕವರನ್ನು ತೆಗೆದುಕೊಂಡು ಮೈಥಿಲಿಯ ಎದೆಯ ಹತ್ತಿರಕ್ಕೇ ಹಿಡಿದಿದ್ದಳು. "ತಗಳವ್ವಾ. ನಮ್ಮೋರ ಹೆಣ್ಮಕ್ಳತ್ರ ಕಾಸು ಈಸ್ಕಂಡ್ರೆ ನಮ್ಗೆ ಸರ್ಯೋಗಾಕಿಲ್ಲ. ಯಾವೂರವ್ವಾ ನೀನು? ಯಾರ ಮಗಳು?" ಈಗ ಆ ಮುದುಕಿಗೆ ದೂರವೂ ಬೇಡ, ಕೈಗೆ ಚೀಲವೂ ಬೇಡ. ತೊನ್ನಿಗೆ ಹೆದರಿ ಹಿಂದೆ ಸರಿದವಳು ನಮ್ಮೋರು ಎಂದು ಗೊತ್ತಾದ ಕೂಡಲೇ ಮೈಮೇಲೆ ಬೀಳುತ್ತಿದ್ದಾಳೆ. ಇದಕ್ಕಿಂತ ಆ ಒಂದು ಗೇಣೇ ವಾಸಿ ಎಂದುಕೊಂಡಳು ಮೈಥಿಲಿ. ದುಡ್ಡು ವಾಪಸು ತೆಗೆದುಕೊಂಡರೆ ಇವರ ಉಪಕಾರ ಹೊತ್ತುಕೊಂಡು ಹೋದಂತೆ. ಯುಗಾದಿಗೆ ಪುಟ್ಟಸ್ವಾಮಿ ಎಲೆಗೆ ಮುದ್ದೆ ಹಾಕುತ್ತಾ, ಕೈ ಈಗ ಹೆಂಗಿದೆ ಮೇಡಂ ಎಂದು ಎಲ್ಲರೆದುರು ಕೇಳುತ್ತಾನೆ, ಪಕ್ಕದಲ್ಲಿ ಮಾಧುರಿ ಕೂತಿರುತ್ತಾಳೆ. ಇನ್ನೂ ಸಮಯವಿತ್ತು. ಸಾರಿ, ಐ ಡೋಂಟ್ ಅಂಡರ್‌ಸ್ಟ್ಯಾಂಡ್ ಎಂದು ಬಾಗಿಲು ತೆಗೆದರೆ ಆಯಿತು, ಕುಂಕುಮ ಡೆಲ್ಲಿಯಲ್ಲೂ ಇರುತ್ತದೆ. ಆ ವಾಕ್ಯ ಬಾಯಿಯವರೆಗೆ ಬಂದಿತ್ತು.

ಅವಳು ಕವರನ್ನು ಮುದುಕಿಯ ಕೈಯಿಂದ ತೆಗೆದುಕೊಂಡಳು. ತಿರುಗಿ ನಿಸರ್ಗಾಳ ಕೈಯಲ್ಲಿಟ್ಟು, ಆ ಕೈಯನ್ನು ಮುಚ್ಚಿದಳು.

"ಇದು ಟಿಪ್ಸ್ ಅಲ್ಲಮ್ಮ," ಎಂದಳು. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಕನ್ನಡ ಹೊರಬಂತು. "ಹೊಸ ಕೆಲಸಕ್ಕೆ ಅಂತ ಇಟ್ಕೋ. ಸಾಲದೇ ಇದ್ರೆ ಹೇಳು. ಎಲ್ಲೀವರೆಗೆ ಹರಡಿದೆ?"

"ಆಂಟಿ, ಇಟ್ಸ್ ಹಾರ್ಡ್ ಟು ಸೇ, ಮೇ ಬಿ ಎ ಲಿಟಲ್..."

"ಇಂಗ್ಲಿಷಲ್ಲಿ ಬೇಡ. ಆಗ ಅಜ್ಜಿಗೆ ಹೇಳಿದ್ಯಲ್ಲ, ಹಂಗೇ ಹೇಳು."

ನಿಸರ್ಗಾ ಅಜ್ಜಿಯ ಕಡೆ ನೋಡಿದಳು. ಬೋರಮ್ಮ ಭರಣಿಯ ಮುಚ್ಚಳ ಹಾಕಿದಳು. ಹುಡುಗಿ ಕವರನ್ನು ಜೇಬಿಗಿಟ್ಟು, ಹೊಸ ಗ್ಲೌಸು ಹಾಕಿಕೊಳ್ಳದೆ, ದೀಪವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು, ಬಿಳಿ ಎಲ್ಲಿ ನಿಲ್ಲುತ್ತದೆಂದು ನೋಡಲು ಮೈಥಿಲಿಯ ಸ್ವೆಟರಿನ ತೋಳನ್ನು ಮಣಿಕಟ್ಟಿನಿಂದ ಮೇಲಕ್ಕೆ, ಇನ್ನೂ ಮೇಲಕ್ಕೆ, ಮೊಣಕೈ ದಾಟುವವರೆಗೆ ಮಡಿಸುತ್ತಾ ಹೋದಳು.